ಇತರೆ

ನಲವತ್ತೆರಡು ಮೀಟರು ಎತ್ತರದಲ್ಲಿ
ಗಾಜಿನ ನೆಲಕ್ಕೆ ಕಾಲೂರಿ
ಇಪ್ಪತ್ತೊಂದು ವರ್ಷ ಕೂತವ ನಾನು.
ಎರಡು ಬೂಟುಗಳ ನಡುವೆ ಹಡಗಿನ ಹೊಟ್ಟೆ,
ಅದರೊಳಗೆ ಬಟಾಣಿಯಷ್ಟು ಮನುಷ್ಯರು.
ಒಂದು ಪಕ್ಕ ಊಟದ ಡಬ್ಬಿ, ಇನ್ನೊಂದು ಪಕ್ಕ
ಹೇಳಬಾರದ ಬಾಟಲಿ.
ಇಳಿದು ಹತ್ತಲು ಅರ್ಧ ಗಂಟೆ
ಯಾರು ಕೊಡುತ್ತಾರೆ ಮಾರಾಯ?

ಈಗಲೂ ಅದೇ ಸೊಹಾರ್ ಬಂದರು,
ಅದೇ ಕ್ರೇನು. ಕ್ಯಾಬಿನ್ ಮಾತ್ರ ಖಾಲಿ.
ಮೂರು ಕಿಲೋಮೀಟರು ಆಚೆ
ಕಾರ್ಪೆಟ್ ಹಾಸಿದ ಕೋಣೆಯಲ್ಲಿ ನಾನು,
ಎದುರಿಗೆ ಆರು ತೆರೆ.
(ನಮ್ಮ ಮನೆಯಲ್ಲಿ ತೆರೆ ಎಂದರೆ ನೀರಿನದ್ದು.)
ಕುತ್ತಿಗೆ ನೋವು ಹೋಯಿತು, ಸುಳ್ಳು ಹೇಳಲಾರೆ.
ಪಾಯಿಖಾನೆ ಹದಿನಾಲ್ಕು ಹೆಜ್ಜೆ.
ಆದರೂ ಉತ್ತರದ ಗಾಳಿ ಎದ್ದ ದಿನ
ಅಲುಗದ ಈ ಕುರ್ಚಿಯಲ್ಲಿ
ಕಾಲ್ಬೆರಳು ತಾವಾಗಿ ನೆಲ ಕಚ್ಚುತ್ತವೆ.

ಪಕ್ಕದ ಕುರ್ಚಿ ಶಮ್ಸಾ ಅಲ್ ಬಲೂಶಿಯದು.
ಏಳು ತಿಂಗಳು ತುಂಬಿದೆ.
ಆ ಕಬ್ಬಿಣದ ಏಣಿಯನ್ನು
ಅವಳಿಗೆ ಯಾರೂ ತೋರಿಸುತ್ತಿರಲಿಲ್ಲ.
ಗಂಟೆಗೆ ಮೂವತ್ತಮೂರು ಪೆಟ್ಟಿಗೆ ಇಳಿಸುತ್ತಾಳೆ;
ನನ್ನ ಜೀವಮಾನದ ಲೆಕ್ಕ ಇಪ್ಪತ್ತೊಂಬತ್ತು.
ಇದನ್ನು ಬಾಯಿಬಿಟ್ಟು ಹೇಳಲು
ಎರಡು ತಿಂಗಳು ಬೇಕಾಯಿತು ನನಗೆ.
‘ಗಾಳಿ ಬರುವುದು ಹೇಗೆ ತಿಳಿಯುತ್ತಿತ್ತು, ಚಾಚಾ?’
ಕೂತ ಜಾಗಕ್ಕೆ ಮೊದಲು ತಿಳಿಯುತ್ತದೆ
ಎನ್ನುವಷ್ಟು ಅರಬ್ಬಿ ನನಗೆ ಬರುವುದಿಲ್ಲ.
ಸೊಂಟ ಮುಟ್ಟಿ ತೋರಿಸಿದೆ.
ಅವಳು ತನ್ನ ಹೊಟ್ಟೆ ಮುಟ್ಟಿಕೊಂಡು ನಕ್ಕಳು.

ಪ್ರತಿ ಸಲ ಕೈ ತಡೆದಾಗ
ತೆರೆಯ ಮೇಲೆ ಪ್ರಶ್ನೆ ಹಾರುತ್ತದೆ:
ಯಾಕೆ ನಿಂತಿರಿ?
ಗಾಳಿ. ಮಂಜು. ಯಂತ್ರದೋಷ. ಇತರೆ.
ಒಂದನ್ನು ಒತ್ತಬೇಕು.
ನಾನು ಇತರೆ ಒತ್ತುತ್ತೇನೆ.

ಕಂಪನಿಯ ಹುಡುಗ ಲಿಯು ಬಂದ, ಬಹಳ ವಿನಯ.
‘ನಿಮ್ಮ ಇತರೆ ಶೇಕಡಾ ನಲವತ್ತು, ಮಿಸ್ಟರ್ ಮೆಂಡನ್.
ಕಾರಣ ತಿಳಿದರೆ ಯಂತ್ರವೂ ಕಲಿಯುತ್ತದೆ.’
ಗೊತ್ತಿದ್ದಷ್ಟು ಹೇಳಿದೆ.
ಪೆಟ್ಟಿಗೆ ನಿದ್ದೆ ಹತ್ತಿದ ಮಗುವಿನ ಹಾಗೆ
ಒಂದು ಹೆಗಲಿಗೆ ವಾಲಿತ್ತು —
ಬರೆದುಕೊಂಡ: ಭಾರದ ಅಸಮತೋಲ.
ಮುಖ್ಲೇಸ್ ಕೆಳಗೆ ಹೆಲ್ಮೆಟ್ ತೆಗೆದು
ತಲೆ ಕೆರೆಯುತ್ತಿದ್ದ —
‘ಅಲ್ಲೀಗ ಮನುಷ್ಯರೇ ಇಲ್ಲವಲ್ಲ’ ಎಂದು ಹೊಡೆದುಹಾಕಿದ.
ಒಮ್ಮೊಮ್ಮೆ ಸುಮ್ಮನೆ, ಎಂದೆ.
ಪೆನ್ನು ನಿಂತಿತು.

ಮಲ್ಪೆಯ ದಡದಲ್ಲಿ ಅಪ್ಪ ರಂಪಣಿ ಎಳೆದವರು.
ಮೀನೆಷ್ಟೆಂದು ಹಗ್ಗವೇ ಅಂಗೈಗೆ ಹೇಳುತ್ತಿತ್ತಂತೆ.
ಮೋಟಾರಿನ ದೋಣಿ ಬಂದ ಮೇಲೆ
ಊರಿಡೀ ಎಳೆಯುತ್ತಿದ್ದ ಬಲೆ ಚಪ್ಪರದಡಿ ಬಿತ್ತು.
ಇಲಿ ಮರಿ ಹಾಕಿತು ಅದರಲ್ಲಿ.
ಅಪ್ಪ ಅದೇ ದೋಣಿಯಲ್ಲಿ ಕೂಲಿಗೆ ಹೋದರು,
ಬೈಯುತ್ತಲೇ, ಹದಿನೆಂಟು ವರ್ಷ.

ಬರುವ ವರ್ಷದಿಂದ ಒಬ್ಬರಿಗೆ ಆರು ಕ್ರೇನು.
ಅವು ತಾವೇ ದುಡಿಯುತ್ತವೆ;
ಅರ್ಥವಾಗದ್ದು ಎದುರಾದರೆ ಮಾತ್ರ ನಮ್ಮನ್ನು ಕರೆಯುತ್ತವೆ.
ಹುದ್ದೆಗೂ ಹೊಸ ಹೆಸರು ಬಂದಿದೆ ಇಂಗ್ಲಿಷಿನಲ್ಲಿ,
ಕನ್ನಡಕ್ಕೆ ತಿರುಗಿಸಿದರೆ ಅಪವಾದ ನಿರ್ವಾಹಕ.
ಫೋನಿನಲ್ಲಿ ಹೆಂಡತಿ ಬಿದ್ದು ಬಿದ್ದು ನಕ್ಕಳು:
‘ಅಪವಾದ ಹೊರುವುದಕ್ಕೂ ಸಂಬಳ ಉಂಟಾ?’
ಉಂಟು ಎಂದೆ. ಸ್ವಲ್ಪ ಕಡಿಮೆ.
ಕೋಣೆಯಲ್ಲಿ ಹನ್ನೆರಡು ಕುರ್ಚಿ. ಇಬ್ಬರು ಸಾಕಂತೆ.

ನಿನ್ನೆ ರಾತ್ರಿ ಪಾಳಿ, ಮೂರು ಗಂಟೆ.
ಗಾಳಿ ಇಲ್ಲ. ಮಂಜಿಲ್ಲ. ಸಮುದ್ರ ಎಣ್ಣೆಯ ಹಾಗೆ.
ಶಮ್ಸಾಳ ಕೈ ನಿಂತಿತು.
ಹಡಗಿಗೂ ದಡಕ್ಕೂ ನಡುವೆ
ನೀಲಿ ಪೆಟ್ಟಿಗೆಯೊಂದು ಹಾಗೇ ತೂಗಿಕೊಂಡಿತ್ತು.
ಅವಳ ಆರೂ ತೆರೆಗಳನ್ನು ನೋಡಿದೆ,
ಕಾಣಿಸಿದ್ದು ಏನೂ ಇಲ್ಲ.
ಹದಿನೇಳು ಸೆಕೆಂಡು.

ಪ್ರಶ್ನೆ ಹಾರಿತು.
ಎಡಗೈ ಹೊಟ್ಟೆಯ ಮೇಲಿಟ್ಟು
ಬಲಗೈಯಲ್ಲಿ ಕೊನೆಯದನ್ನು ಒತ್ತಿದಳು.

ಚಹಾ ತರಲು ಎದ್ದೆ.
ಅವಳಿಗೆ ಸಕ್ಕರೆ ಎಷ್ಟು ಎಂದಷ್ಟೇ ಕೇಳಿದೆ.